ಜಪಾನಿನ ಸಂಪ್ರದಾಯ ನೋಡಲು ಯಾವುದಕ್ಕೆ ಹಣ ಹಾಕಬೇಕು? ಹೋಗಿ ಬಂದವರು ಅನುಭವ ತಿಳಿಸಿ

ಏಪ್ರಿಲ್ ಮೊದಲ ವಾರ ಅಮ್ಮನನ್ನು ಕರೆದುಕೊಂಡು ಒಸಾಕಾ, ಕ್ಯೋಟೋ ಕಡೆಗೆ ಹೋಗುತ್ತಿದ್ದೇನೆ. ಚಹಾ ವಿಧಿ, ದೇವಾಲಯದ ವಸತಿ, ರ್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹ, ಕಿಮೋನೋ, ಇವುಗಳಲ್ಲಿ ಒಂದೆರಡಕ್ಕೆ ಮಾತ್ರ ಕೈಯಲ್ಲಿ ಹಣವಿದೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಮ್ಮನಿಗೆ ಮೊಣಕಾಲು ನೋವು, ನೆಲದ ಮೇಲೆ ಹೆಚ್ಚು ಹೊತ್ತು ಕೂರಲಾಗದು. ಯಾವುದು ಸಾರ್ಥಕ?

ಶಿವಮೊಗ್ಗದಿಂದ

ಕೋಯಾಸಾನ್. ಎರಡನೆಯ ಯೋಚನೆಯೇ ಬೇಡ. ಒಸಾಕಾದ ನಾಂಬಾದಿಂದ ಗೊಕುರಾಕುಬಾಶಿಯವರೆಗೆ ರೈಲು, ಅಲ್ಲಿಂದ ಕೇಬಲ್ ಕಾರು, ಮೇಲೆ ಬಸ್. ಕೂಕಾಯ್ ಎಂಬ ಬೌದ್ಧ ಸನ್ಯಾಸಿ 816ರಲ್ಲಿ ಚಕ್ರವರ್ತಿಯಿಂದ ಪಡೆದ ಬೆಟ್ಟ ಅದು. 117 ದೇವಾಲಯಗಳಿವೆ, ಐವತ್ತರಷ್ಟು ಕಡೆ ಕೋಣೆ ಕೊಡುತ್ತಾರೆ.

ನನಗೂ ಹೆಂಡತಿಗೂ ಎರಡು ಊಟ ಸೇರಿ ಒಂದು ರಾತ್ರಿಗೆ 33,000 ಯೆನ್. ನಾವು ಹೋಗಬೇಕಿದ್ದ ದಿನವೇ ಚಂಡಮಾರುತ ಬಂದು ಕೇಬಲ್ ಕಾರು ನಿಂತಿತು. ಮರುದಿನ ಬನ್ನಿ ಎಂದು ದೇವಾಲಯದವರು ಒಪ್ಪಿದರು, ಆದರೆ ನಾವು ಕಾಯ್ದಿರಿಸಿದ್ದ ಮಧ್ಯವರ್ತಿ ಸಂಸ್ಥೆ ಒಪ್ಪಲಿಲ್ಲ. ಮೊದಲ ಹಣ ಪೂರ್ತಿ ಹೋಯಿತು, ಮತ್ತೆ ಅಷ್ಟೇ ಕಟ್ಟಿದೆವು. ಒಟ್ಟು 66,000. ಒಸಾಕಾದಲ್ಲಿ ಆ ರಾತ್ರಿಯ ಹೋಟೆಲು ಬೇರೆ 11,000. ಆ ಸಂಸ್ಥೆಗೆ ಬರೆದ ಪತ್ರಗಳಿಗೆ ಇಂದಿಗೂ ಒಂದು ಸಾಲಿನ ಉತ್ತರವಿಲ್ಲ.

ಇಷ್ಟಾದರೂ ಹೇಳುತ್ತೇನೆ, ಅಲ್ಲಿಗೇ ಹೋಗಿ. ಊಟದಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನ ತೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು, ಕಾಡಿನ ಸೊಪ್ಪು. ಬೆಳಿಗ್ಗೆ ಆರಕ್ಕೆ ಪೂಜೆ. ನಾವಿದ್ದ ಕಡೆ ಗೋಮಾ ಎಂಬ ಹೋಮವೂ ಇತ್ತು. ಹರಕೆ ಬರೆದ ಮರದ ಪಟ್ಟಿಗಳನ್ನು ಅರ್ಚಕರು ಒಂದೊಂದಾಗಿ ಬೆಂಕಿಗಿಡುತ್ತಾರೆ. ಜ್ವಾಲೆ ಆಳೆತ್ತರ ಏಳುತ್ತದೆ, ನಗಾರಿಯ ಪೆಟ್ಟು ಎದೆಗೂಡಿನೊಳಗೇ ಬೀಳುತ್ತದೆ. ಒಕುನೋಯಿನ್ ಸ್ಮಶಾನದಲ್ಲಿ ಎರಡು ಕಿಲೋಮೀಟರ್ ದಾರಿಯುದ್ದಕ್ಕೂ ದೇವದಾರುವಿನಂಥ ಹೆಮ್ಮರಗಳು, ಎರಡು ಲಕ್ಷಕ್ಕೂ ಹೆಚ್ಚು ಗೋರಿಗಳು. ಕಲ್ಲುಗಳ ಮೇಲೆ ಸಿದ್ಧಂ ಲಿಪಿಯಲ್ಲಿ ಸಂಸ್ಕೃತದ ಬೀಜಾಕ್ಷರ ಕೆತ್ತಿದ್ದಾರೆ. ನಮ್ಮಲ್ಲಿ ಮರೆತೇಹೋದ ಲಿಪಿಯನ್ನು ಅಲ್ಲಿನ ಸನ್ಯಾಸಿಗಳು ಇಂದಿಗೂ ಕುಂಚದಲ್ಲಿ ಬರೆಯುತ್ತಾರೆ. ನನ್ನ ಹೆಂಡತಿ ಒಂದು ಕಲ್ಲಿನ ಮುಂದೆ ನಿಂತು ಅತ್ತುಬಿಟ್ಟಳು.

ಜಯನಗರದಿಂದ

ಹೆಂಗಸರನ್ನು ಶತಮಾನಗಳ ಕಾಲ ಹತ್ತಿರಕ್ಕೂ ಬಿಡದಿದ್ದ ಬೆಟ್ಟ ಅದು ಎಂಬುದನ್ನೂ ಹೇಳಿ. 1872ರಲ್ಲಿ ಸರ್ಕಾರ ನಿಷೇಧ ತೆಗೆಯುವವರೆಗೆ ನಮ್ಮಂಥವರು ಗಡಿಯ ನ್ಯೋನಿನ್‌ದೋ ಗುಡಿಯಲ್ಲೇ ನಿಂತು ಕೈಮುಗಿದು ಹಿಂತಿರುಗಬೇಕಿತ್ತು. ಏಳು ದಾರಿಗಳಿಗೆ ಏಳು ಗುಡಿಗಳಿದ್ದವು, ಈಗ ಉಳಿದಿರುವುದು ಒಂದೇ.

ನನ್ನ ಅನುಭವ ರ್ಯೋಕಾನಿನದು, ಕಹಿಯದು. ಹಕೋನೆ ಕಡೆಯ ಒಂದು ಹಳೆಯ ವಸತಿಗೃಹ. ಹೆಸರು ಹೇಳುವುದಿಲ್ಲ. ತಲೆಗೆ 42,000 ಯೆನ್. ಕೋಣೆಗೆ ಅಲ್ಲ, ತಲೆಗೆ. ಇಬ್ಬರಿಗೆ 84,000, ಅದರ ಮೇಲೆ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ತೆರಿಗೆ ತಲೆಗೆ 150. ಸಸ್ಯಾಹಾರಿಗಳು ಎಂದು ಜಪಾನೀ ಭಾಷೆಯಲ್ಲೇ ಬರೆಸಿ ಕಳುಹಿಸಿದ್ದೆವು, ಆಗಲಿ ಎಂಬ ಉತ್ತರವೂ ಬಂದಿತ್ತು. ಬೆಟ್ಟದ ರಸ್ತೆಯಲ್ಲಿ ಬಸ್ ಸಿಕ್ಕಿಹಾಕಿಕೊಂಡು ಆರೂವರೆಗೆ ತಲುಪಿದೆವು. ಆರಕ್ಕೇ ಊಟದ ಹೊತ್ತು ಮೀರಿತೆಂದು ಎರಡು ಬಗೆ ಬಡಿಸಲೇ ಇಲ್ಲ, ಹಣ ಮಾತ್ರ ಪೂರ್ತಿ ತೆಗೆದುಕೊಂಡರು. ಬಡಿಸಿದ್ದರಲ್ಲಿ ತಿಳಿಸಾರು, ಬೇಯಿಸಿದ ಬದನೆ, ಅಣಬೆಯ ಅನ್ನ, ಎಲ್ಲದಕ್ಕೂ ಒಣಮೀನಿನ ಸಾರವೇ ತಳಹದಿ. ಕೇಳಿದರೆ "ಇದರಲ್ಲಿ ಮೀನಿಲ್ಲ" ಎನ್ನುತ್ತಾರೆ. ತಟ್ಟೆಯ ಮುಂದೆ ಕುಳಿತು ಬರೀ ಬಿಳಿ ಅನ್ನ, ಉಪ್ಪಿನಲ್ಲಿ ಹಾಕಿದ ಮೂಲಂಗಿ ತಿಂದೆವು. 84,000 ಯೆನ್‌ಗೆ.

ಒಸಾಕಾದಲ್ಲಿ ನೆಲೆಸಿರುವವರು

ಜಯನಗರದವರ ಸಂಕಟ ಅರ್ಥವಾಗುತ್ತದೆ, ಆದರೆ ಆ ಅಡುಗೆಮನೆಯ ಪಾಡನ್ನೂ ನೋಡಬೇಕು. ದಾಶಿ ಎಂಬ ಸಾರ ಅಲ್ಲಿನ ಅಡುಗೆಗೆ ನೀರಿದ್ದಂತೆ. ಕತ್ಸುವೋಬುಶಿ ಎಂದರೆ ಹೊಗೆಯಲ್ಲಿ ಒಣಗಿಸಿದ ಮೀನಿನ ಕೊರಡು, ಅದನ್ನು ಕೀಸಿ ಬಿಸಿನೀರಿಗೆ ಹಾಕಿ ಸೋಸುತ್ತಾರೆ. ಸೋಸಿದ ಮೇಲೆ ಕಣ್ಣಿಗೆ ಏನೂ ಉಳಿಯುವುದಿಲ್ಲ, ಅವರ ಮಟ್ಟಿಗೆ ಮೀನು ಮುಗಿಯಿತು. ಹಾಗಾಗಿ "ಸಸ್ಯಾಹಾರಿ" ಎಂದು ಬರೆದರೆ ಸಾಲದು, "ಕೊಂಬು ಮತ್ತು ಶಿಯಿಟಾಕೆ ದಾಶಿಯಲ್ಲಿ ಮಾಡಿ" ಎಂದು ಬರೆಯಬೇಕು. ಕೊಂಬು ಕಡಲಸಸ್ಯ, ಶಿಯಿಟಾಕೆ ಅಣಬೆ. ದೇವಾಲಯದ ಶೋಜಿನ್ ಅಡುಗೆಗೆ ಇವೇ ಎರಡು ಆಧಾರ. ನಾನು ಇಲ್ಲಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯವರು ನನಗಾಗಿ ಪ್ರತಿ ರಾತ್ರಿ ಕೊಂಬು ತುಂಡನ್ನು ತಣ್ಣೀರಿನಲ್ಲಿ ನೆನೆಹಾಕಿ ಮಲಗುತ್ತಿದ್ದರು. ಆ ಆತಿಥ್ಯವನ್ನು ಕಂಡವಳಾದ್ದರಿಂದ, ಅವರು ಮೋಸ ಮಾಡಿದರು ಎಂಬ ಧಾಟಿಯ ಮಾತು ಕೇಳಿದರೆ ನೋವಾಗುತ್ತದೆ.

ಇನ್ನೊಂದು ಮಾತು. ದಯವಿಟ್ಟು ರ್ಯೋಕಾನಿಗೆ ಕುಕ್ಕರ್ ತರಬೇಡಿ. ನಮ್ಮ ಊರಿನವರ ಒಂದು ತಂಡ ನೆಲಕ್ಕೆ ಹಾಸಿದ ತತಾಮಿ ಚಾಪೆಯ ಮೇಲೆ ಕುಕ್ಕರ್ ಇಟ್ಟು ಒಗ್ಗರಣೆ ಹಾಕಿತು, ಮಾತಾಡಲು ನನ್ನನ್ನು ಕರೆಸಿದರು. ತತಾಮಿಯ ಮೇಲ್ಪದರ ಇಗುಸಾ ಎಂಬ ಜೊಂಡಿನ ಜಾತಿಯ ಹುಲ್ಲಿನದು. ಉಗಿ ತಾಗಿದ ಜಾಗ ಊದಿ ಕಂದಾಗಿತ್ತು, ಎಣ್ಣೆ ಬಿದ್ದಲ್ಲಿ ಹಳದಿ ಉಂಗುರ. ಮನೆಯೊಡತಿ ಬೈಯಲಿಲ್ಲ. ಮಂಡಿಯೂರಿ ಕುಳಿತು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ದಾವಣಗೆರೆಯಿಂದ

ನನ್ನ ತಂದೆಗೆ ಮಧುಮೇಹ. ಹೊತ್ತಿಗೆ ಸರಿಯಾಗಿ ಊಟವಾಗದಿದ್ದರೆ ಕೈಕಾಲು ನಡುಗುತ್ತವೆ. ಅವರನ್ನು ಕರೆದುಕೊಂಡು ಹೋದವನಿಗೆ ಗೊತ್ತು ಕುಕ್ಕರಿನ ಬೆಲೆ ಏನೆಂದು. ಕೊಂಬು, ಶಿಯಿಟಾಕೆ ಎಂದು ಪತ್ರ ಬರೆದು ಉತ್ತರಕ್ಕೆ ಕಾಯುವವರೆಗೆ ಸಕ್ಕರೆ ಅಂಶ ಕಾಯುತ್ತದೆಯೇ? ನಾನು ಕುಕ್ಕರ್ ಒಯ್ದೆ, ಚಟ್ನಿಪುಡಿ ಒಯ್ದೆ, ಕಟಕಲು ರೊಟ್ಟಿ ಒಯ್ದೆ, ಅದಕ್ಕೆ ನಾಚಿಕೆಯಿಲ್ಲ. ಸ್ನಾನದ ಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟು ಅನ್ನ ಮಾಡಿದೆವು, ಒಂದು ಕಲೆಯೂ ಆಗಲಿಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನೀವು ಜಪಾನಿನವರಿಗಿಂತ ಹೆಚ್ಚು ಜಪಾನಿನವರಾಗಿದ್ದೀರಿ.

ಖರ್ಚಿನ ಮಾತು ಬಂದಿದ್ದರಿಂದ ಹೇಳುತ್ತೇನೆ, ನಮ್ಮ ಹಣ ಹೋದದ್ದು ರೈಲಿಗೆ. ಏಳು ದಿನದ ಜೆಆರ್ ಪಾಸ್ 29,650 ಯೆನ್ ಇದ್ದದ್ದು 2023ರ ಅಕ್ಟೋಬರಿನಲ್ಲಿ ಒಮ್ಮೆಗೇ 50,000 ಆಯಿತು. ನಾಲ್ಕು ಜನಕ್ಕೆ ಎರಡು ಲಕ್ಷ ಯೆನ್. ಪಾಸ್ ಇಲ್ಲದೆ ಹೋಗಲೇಬೇಡಿ ಎಂದು ಬೆಂಗಳೂರಿನ ಪ್ರವಾಸ ಸಂಸ್ಥೆಯವರು ತಲೆಗೆ ತುಂಬಿದ್ದರು. ಬಂದ ಮೇಲೆ ಟಿಕೆಟುಗಳನ್ನೆಲ್ಲ ಬಿಡಿಬಿಡಿಯಾಗಿ ಕೂಡಿದರೆ ಅರ್ಧ ಹಣಕ್ಕೆ ಮುಗಿಯುತ್ತಿತ್ತು. ಆ ಸಂಸ್ಥೆಯವರು ಈಗ ಫೋನ್ ಎತ್ತುವುದಿಲ್ಲ.

ಒಸಾಕಾದಲ್ಲಿ ನೆಲೆಸಿರುವವರು

ತಂದೆಯವರ ಆರೋಗ್ಯಕ್ಕೆ ನಾನು ಅಡ್ಡ ಬಂದಿಲ್ಲ. ಇಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮ 230 ವೋಲ್ಟಿನ ಕುಕ್ಕರಿನಲ್ಲಿ ಅಕ್ಕಿ ಬೇಯುವುದೂ ಇಲ್ಲ. ಅಡುಗೆಮನೆಯಿರುವ ಬಾಡಿಗೆ ಕೋಣೆಗಳು ಬೇಕಾದಷ್ಟಿವೆ. ಅಡುಗೆ ಮಾಡಲೇಬೇಕಾದವರು ಅಲ್ಲಿ ಉಳಿಯಲಿ.

ದಾವಣಗೆರೆಯಿಂದ

ನನ್ನದು ಎರಡೂ ವೋಲ್ಟೇಜಿಗೆ ಆಗುವಂಥದ್ದು. ಅನ್ನ ಚೆನ್ನಾಗಿಯೇ ಬೆಂದಿತ್ತು.

ಶಿರಸಿಯಿಂದ

ಊಟ, ಕೋಣೆ, ರೈಲು. ಸಂಪ್ರದಾಯ ಎಂದು ಕೇಳಿದವರಿಗೆ ಯಾರೂ ಸಂಪ್ರದಾಯದ ಮಾತೇ ಆಡುತ್ತಿಲ್ಲ. ಮುಖವಾಡ ತೊಟ್ಟು ಆಡುವ ನೋ ಎಂಬ ನಾಟಕ ನೋಡಿ. ಟೋಕಿಯೋದ ಸೆಂದಾಗಾಯಾದಲ್ಲಿ ರಾಷ್ಟ್ರೀಯ ನೋ ರಂಗಮಂದಿರವಿದೆ. ಮುಂದಿನ ಆಸನದ ಬೆನ್ನಿನಲ್ಲಿ ಪುಟ್ಟ ಪರದೆ, ಅದರಲ್ಲಿ ಇಂಗ್ಲಿಷಿನ ಸಾಲುಗಳು ಬರುತ್ತವೆ. ನಾನು ಪರದೆಯನ್ನು ಆರಿಸಿಬಿಟ್ಟೆ. ಮೂವತ್ತು ವರ್ಷ ಮದ್ದಳೆ ಬಾರಿಸಿದವನು ನಾನು, ಕಣ್ಣೆಲ್ಲ ಹಿಮ್ಮೇಳದ ಮೇಲೆ. ಓತ್ಸುಝುಮಿ ಎಂಬ ದೊಡ್ಡ ವಾದ್ಯದ ಚರ್ಮವನ್ನು ಆಟಕ್ಕೆ ಮೊದಲು ಇದ್ದಿಲಿನ ಕಾವಿಗೆ ಹಿಡಿದು ಒಣಗಿಸುತ್ತಾರೆ, ಪೆಟ್ಟು ಕಲ್ಲಿಗೆ ಕಲ್ಲು ತಾಗಿದಂತೆ ಬರುತ್ತದೆ. ಕೋತ್ಸುಝುಮಿ ಎಂಬ ಚಿಕ್ಕದಕ್ಕೆ ತೇವ ಬೇಕು, ಬಾರಿಸುವವರು ನಡುನಡುವೆ ಚರ್ಮಕ್ಕೆ ಬಾಯಿಂದ ಉಸಿರು ಊದುತ್ತಾರೆ. ಒಂದೇ ರಂಗದಲ್ಲಿ ಒಂದಕ್ಕೆ ಬೆಂಕಿ, ಒಂದಕ್ಕೆ ಉಸಿರು! ಮಳೆಗಾಲದಲ್ಲಿ ಶ್ರುತಿ ಇಳಿದ ಮದ್ದಳೆಯೊಂದಿಗೆ ಹೆಣಗಾಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ನನ್ನ ಪಕ್ಕದ ಸಾಲಿನಲ್ಲಿದ್ದ ಪ್ರವಾಸಿಗರು ಅರ್ಧಕ್ಕೇ ಎದ್ದುಹೋದರು. ಬಾಡಿಗೆಗೆ ಕಿಮೋನೋ ಸುತ್ತಿಕೊಂಡು ಪಟ ತೆಗೆಸಿಕೊಳ್ಳಲು ಮಾತ್ರ ಇಡೀ ದಿನ ಸಿಗುತ್ತದೆ. ಅದಕ್ಕೂ ಸಂಪ್ರದಾಯಕ್ಕೂ ಏನು ಸಂಬಂಧ? ನಮ್ಮ ಯಕ್ಷಗಾನದ ಕಿರೀಟ ತೊಟ್ಟು ಪಟ ತೆಗೆಸಿಕೊಂಡವರು ವೇಷಧಾರಿಗಳಾಗುತ್ತಾರೆಯೇ?

ಮೈಸೂರಿನಿಂದ

ಶಿರಸಿಯವರೇ, ನಾನು ಬಾಡಿಗೆಗೇ ಉಟ್ಟವಳು. ಉಡುಪಿಗೆ 4,400, ತಲೆಗೂದಲಿಗೆ 1,650, ಬೆರಳು ಸೀಳಿದ ತಾಬಿ ಕಾಲುಚೀಲಕ್ಕೆ 550. ಇಷ್ಟನ್ನು ಗೋಡೆಯ ಮೇಲೆ ಬರೆದಿದ್ದರು. ಹಿಂತಿರುಗಿಸುವಾಗ ತೋಳಿನ ಅಂಚಿನಲ್ಲಿ ಕಲೆ ಇದೆಯೆಂದು ಇನ್ನೂ 3,300 ಕೇಳಿದರು. ಅದು ಹಳೆಯ ಕಲೆ, ಬೆಳಿಗ್ಗೆಯ ನನ್ನ ಪಟದಲ್ಲೇ ಕಾಣುತ್ತಿತ್ತು. ಪಟ ತೋರಿಸಿ ವಾದಿಸಿ ಬಿಡಿಸಿಕೊಂಡೆ. ಉಡುವ ಮುನ್ನ ಎಲ್ಲ ಅಂಚುಗಳ ಪಟ ತೆಗೆದಿಟ್ಟುಕೊಳ್ಳಿ.

ನೀವು ಹೀಗಳೆದದ್ದಕ್ಕೆ ಉತ್ತರ ಕೊಡದೆ ಬಿಡುವುದಿಲ್ಲ. ಉಡಿಸಿದವರು ಎಪ್ಪತ್ತು ದಾಟಿದ ಅಜ್ಜಿ. ಎಡಸೆರಗು ಮೇಲೆ ಬರಬೇಕು, ಬಲದ್ದು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ರೀತಿ ಎಂದು ಕೈಸನ್ನೆಯಲ್ಲೇ ಹೇಳಿದರು. ಓಬಿ ಎಂಬ ಸೊಂಟಪಟ್ಟಿ ಬಿಗಿಯುವಾಗ ಅವರ ಮೊಣಕಾಲು ನನ್ನ ಬೆನ್ನಿಗೆ ಊರಿತ್ತು. ನಾನು ಚೀಲದಲ್ಲಿದ್ದ ಮೈಸೂರು ರೇಷ್ಮೆಯ ಸೀರೆ ತೆಗೆದು ಕೊಟ್ಟೆ. ಅವರು ಜರಿಯನ್ನು ನೋಡಲಿಲ್ಲ, ಬಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿ ಅದರ ಸದ್ದು ಕೇಳಿದರು. ನನ್ನ ತಂದೆ ರೇಷ್ಮೆ ಇಲಾಖೆಯಲ್ಲಿದ್ದವರು. 1990ರ ದಶಕದಲ್ಲಿ ಜಪಾನಿನ ತಜ್ಞರು ಮೈಸೂರಿಗೆ ಬಂದು ದ್ವಿತಳಿ ರೇಷ್ಮೆಯ ಕೆಲಸ ಮಾಡಿದ್ದನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದೆ. ಆ ಅಜ್ಜಿಯ ಕೈಯಲ್ಲಿ ನಮ್ಮ ಸೀರೆ ಕಂಡಾಗ ನನಗಾದದ್ದು ನಿಮ್ಮ ಮದ್ದಳೆಗಿಂತ ಕಡಿಮೆಯದಲ್ಲ.

ಕ್ಯೋಟೋದ ಗಿಯೋನ್‌ನ ಓಣಿಗಳಲ್ಲಿ ಜಾಗ್ರತೆ. 2024ರಿಂದ ಖಾಸಗಿ ಓಣಿಗಳಿಗೆ ಪ್ರವಾಸಿಗರು ಕಾಲಿಡುವಂತಿಲ್ಲ, 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ನೃತ್ಯ ಕಲಿಯುವ ಮೈಕೋ ಹುಡುಗಿಯರನ್ನು ಅಟ್ಟಿಸಿಕೊಂಡು ಹೋಗಿ ಪಟ ತೆಗೆದವರು ತಂದಿಟ್ಟ ಗತಿ ಇದು.

ಶಿರಸಿಯಿಂದ

ರೇಷ್ಮೆಯ ಮಾತು ಒಪ್ಪಿದೆ. ಬಾಡಿಗೆ ಅಂಗಡಿಯಲ್ಲಿ ಬಹುಪಾಲು ಸಿಗುವುದು ರೇಷ್ಮೆಯಲ್ಲ, ಪಾಲಿಯೆಸ್ಟರ್. ಅದನ್ನೂ ಬರೆಯಬೇಕಿತ್ತು.

ಮೈಸೂರಿನಿಂದ

ರೇಷ್ಮೆ ಇಲಾಖೆಯವರ ಮಗಳಿಗೆ ಪಾಲಿಯೆಸ್ಟರ್ ಗುರುತಿಸಲು ಶಿರಸಿಯಿಂದ ಯಾರೂ ಬರಬೇಕಾಗಿಲ್ಲ. ನಾನು ಉಟ್ಟದ್ದು ಪಾಲಿಯೆಸ್ಟರೇ. ಉಡಿಸಿದ ಕೈ ಪಾಲಿಯೆಸ್ಟರಿನದಲ್ಲ.

ಹುಬ್ಬಳ್ಳಿಯಿಂದ

ಅಮ್ಮನ ಜೊತೆ ಹೋಗುತ್ತೀರಿ ಎಂದಿದ್ದರಿಂದ ಬರೆಯುತ್ತಿದ್ದೇನೆ. ನಾನೂ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವನ ಎರಡೂ ಮುಂಗೈ ತುಂಬ ಹಚ್ಚೆ. ಮದುವೆಗೆ ಮುಂಚೆ ಊರಿಗೆ ಬಂದ ಕೊರವಂಜಿ ಹಾಕಿದ್ದು. ಬಿಸಿನೀರಿನ ಬುಗ್ಗೆಯಿದ್ದ ಒಂದು ವಸತಿಗೃಹದಲ್ಲಿ, ಹಣ ಕಟ್ಟಿ ಬಟ್ಟೆ ಬಿಚ್ಚುವ ಕೋಣೆಯವರೆಗೆ ಹೋದ ಮೇಲೆ ಹಚ್ಚೆ ಕಂಡು ತಡೆದರು. ಹಚ್ಚೆಯೆಂದರೆ ಯಕುಝಾ ಗ್ಯಾಂಗಿನವರದು ಎಂಬ ಹಳೆಯ ಭಯ. ಎಪ್ಪತ್ತೆರಡು ವರ್ಷದ ನನ್ನ ಅವ್ವ! ಮುಚ್ಚಿಕೊಳ್ಳಲು ಅಂಟುಪಟ್ಟಿ ಕೊಟ್ಟರು, ಅಂಗೈ ಅಗಲದ್ದು, ಒಂದಕ್ಕೆ 300 ಯೆನ್. ಅವ್ವನ ಹಚ್ಚೆ ಮೊಣಕೈವರೆಗೆ. "ನನ್ನ ಮುತ್ತೈದೆತನದ ಗುರುತನ್ನು ಯಾಕೆ ಮುಚ್ಚಲಿ" ಎಂದು ಅವ್ವ ಸೀರೆ ಉಟ್ಟು ಹೊರಗೆ ಬಂದಳು. ಕಟ್ಟಿದ ಹಣ ಹಿಂದೆ ಬರಲಿಲ್ಲ.

ಆಮೇಲೆ ಬಿಸಿನೀರಿನ ಬುಗ್ಗೆಗಳ ಊರು ಕಿನೋಸಾಕಿಗೆ ಹೋದೆವು. ಅಲ್ಲಿ ಊರಿನ ಸಾರ್ವಜನಿಕ ಸ್ನಾನಗೃಹಗಳಿವೆ, ಯಾವುದರಲ್ಲೂ ಹಚ್ಚೆಗೆ ಅಡ್ಡಿಯಿಲ್ಲ. ಊರಿನ ವಸತಿಗೃಹದಲ್ಲಿ ಉಳಿದವರಿಗೆ ಪ್ರವೇಶಚೀಟಿಯೂ ಅವರೇ ಕೊಡುತ್ತಾರೆ. ಯುಕಾತಾ ತೊಟ್ಟು, ಮರದ ಗೆತಾ ಮೆಟ್ಟಿ, ಟಕಟಕ ಸದ್ದು ಮಾಡುತ್ತ ಅವ್ವ ಕಾಲುವೆಯ ಸೇತುವೆ ದಾಟಿದಳು. ಒಳಗೆ ಅಲ್ಲಿನ ಹೆಂಗಸೊಬ್ಬಳು ಹಚ್ಚೆಯ ಮೇಲೆ ಬೆರಳಾಡಿಸಿ ಏನೋ ಕೇಳಿದಳಂತೆ, ಅವ್ವ ಕನ್ನಡದಲ್ಲೇ ಎಲ್ಲ ಹೇಳಿದಳಂತೆ. ಮೊಣಕಾಲು ನೋವಿಗೆ ಆ ನೀರಿಗಿಂತ ಒಳ್ಳೆಯದಿಲ್ಲ ಎಂದು ಇಂದಿಗೂ ಹೇಳುತ್ತಾಳೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಹಚ್ಚೆ ಇಲ್ಲ. ಚಹಾ ವಿಧಿಗೆ ಕುರ್ಚಿಯ ಮೇಲೆ ಕೂರಲು ಬಿಡುತ್ತಾರೆಯೇ?

ಧಾರವಾಡದಿಂದ

ಬಿಡುತ್ತಾರೆ, ಅದೂ ಪರಂಪರೆಯೊಳಗಿನ ರೀತಿಯಲ್ಲೇ. 1872ರ ಕ್ಯೋಟೋ ಪ್ರದರ್ಶನಕ್ಕೆ ಬರುವ ವಿದೇಶಿಯರಿಗಾಗಿ ಚಹಾ ವಿಧಿಯ ಉರಾಸೆಂಕೆ ಮನೆತನದ ಹನ್ನೊಂದನೆಯ ಯಜಮಾನರು ಮೇಜು ಕುರ್ಚಿಯ ರ್ಯೂರೇ ಪದ್ಧತಿ ರೂಪಿಸಿದರು. ಗಿಯೋನ್‌ನ ನರ್ತಕಿಯರಾದ ಗೇಯ್ಕೋ, ಮೈಕೋಗಳ ಮಿಯಾಕೋ ಒದೋರಿ ನೃತ್ಯ ಶುರುವಾದದ್ದೂ ಅದೇ ಪ್ರದರ್ಶನದಲ್ಲಿ. ಪ್ರತಿವರ್ಷ ಏಪ್ರಿಲಿನಲ್ಲಿ ನಡೆಯುತ್ತದೆ, ನೀವು ಹೋಗುವ ವಾರವೂ ಇರುತ್ತದೆ. ಚಹಾ ಸೇರಿದ ಟಿಕೆಟ್ ಕೇಳಿ ತೆಗೆದುಕೊಳ್ಳಿ. ಮೊದಲು ಕಾಳಿನ ಹೂರಣದ ಸಿಹಿ ಕೊಡುತ್ತಾರೆ, ಅದನ್ನು ತಿಂದ ಮೇಲೆ ಮಾಚ್ಚಾ ಎಂಬ ಹಸಿರು ಪುಡಿಯ ಚಹಾ. ಸಿಹಿ ಬಡಿಸಿದ ಪುಟ್ಟ ತಟ್ಟೆಯನ್ನು ನೆನಪಿಗೆ ಮನೆಗೆ ಒಯ್ಯಬಹುದು. ನನ್ನದು ಇಂದಿಗೂ ದೇವರ ಮನೆಯಲ್ಲಿ ಕುಂಕುಮ ಇಡಲು ಬಳಕೆಯಲ್ಲಿದೆ.

ಶಿರಸಿಯಿಂದ

ನೂರಾರು ಜನರಿಗೆ ಸಾಲು ಹಚ್ಚಿ ಕೊಡುವ ಚಹಾ ಒಂದು ವಿಧಿಯಾಗುವುದಿಲ್ಲ. ಚಹಾ ವಿಧಿಯ ಮಹಾಗುರು ಸೆನ್ ನೋ ರಿಕ್ಯೂ ಎರಡೇ ಚಾಪೆಯ ಕೋಣೆ ಕಟ್ಟಿಸಿದ್ದು ಯಾಕೆ?

ಧಾರವಾಡದಿಂದ

ಆ ಎರಡು ಚಾಪೆಯ ಕೋಣೆಗೆ ತೆವಳಿಕೊಂಡು ಹೋಗಬೇಕು. ಅವರ ಅಮ್ಮನಿಗೆ ಮೊಣಕಾಲು ನೋವು, ಸ್ವಾಮಿ.

ಶಿವಮೊಗ್ಗದಿಂದ

ಕೋಯಾಸಾನ್‌ನಲ್ಲಿ ನಾವು ಉಳಿದ ಕಡೆ ಬೆಳಗಿನ ಪೂಜೆಗೆ ಹಿಂದಿನ ಸಾಲಿನಲ್ಲಿ ಪುಟ್ಟ ಪೀಠಗಳಿದ್ದವು. ಊಟಕ್ಕೆ ಮಾತ್ರ ನೆಲ, ಆದ್ದರಿಂದ ಎತ್ತರದ ಪೀಠ ಬೇಕೆಂದು ಮುಂಚೆಯೇ ಬರೆಯಿರಿ. ಬರೆಯುವುದಾದರೆ ನೇರವಾಗಿ ದೇವಾಲಯಕ್ಕೇ ಬರೆಯಿರಿ, ಮಧ್ಯವರ್ತಿಗೆ ಒಂದು ಯೆನ್ ಕೊಡಬೇಡಿ. ಐದೂವರೆಗೆ ಊಟ ಬಡಿಸುತ್ತಾರೆ, ನಾಂಬಾದಿಂದ ಮಧ್ಯಾಹ್ನ ಎರಡಕ್ಕೆ ಮುಂಚೆಯೇ ಹೊರಡಿ. ಬೆಟ್ಟ 800 ಮೀಟರ್ ಎತ್ತರದಲ್ಲಿದೆ, ಏಪ್ರಿಲಿನಲ್ಲೂ ಅಮ್ಮನಿಗೆ ಉಣ್ಣೆಯ ಕಾಲುಚೀಲ ಬೇಕು.