ಕಡಲು ಕಾಣದ ಅಂಬಿಗ

"ಹಡಗಿನ ರೇಡಿಯೊ ಪರೀಕ್ಷೆ ಮಾಡ್ತೀಯ, ಸರಿ. ಹಡಗು ಹತ್ತಿದ್ದೀಯಾ?" ಅಂತ ಮೇಷ್ಟ್ರು ಶುರು ಹಚ್ಚಿದರು.

"ಇಲ್ಲ."

"ಹೋಗಲಿ, ದೋಣಿ?"

"ತಲೆ ಸುತ್ತುತ್ತೆ."

ಡಾಕ್ಟರು ನಕ್ಕ ರಭಸಕ್ಕೆ ಕನ್ನಡಕ ಜಾರಿತು. ನನಗೆ ರೋಷ ಬಂತು. "ನಾನ್ಯಾಕ್ರೀ ಕಡಲಿಗೆ ಹೋಗಲಿ? ಕಡಲನ್ನೇ ಕೋಣೆಗೆ ಕರೆಸ್ಕೋತೀನಿ. ಉಪ್ಪಿನ ಮಂಜು ಉಗುಳೋ ಪೆಟ್ಟಿಗೆ ಇದೆ. 55 ಡಿಗ್ರಿ ಒಲೆ ಇದೆ. 40 ಡಿಗ್ರಿಯಲ್ಲಿ ನೂರಕ್ಕೆ 93ರ ತೇವ ಹಿಡಿದಿಡೋ ಇನ್ನೊಂದು ಪೆಟ್ಟಿಗೆ ಇದೆ. ನಡುಗಿಸೋ ಮೇಜು ಇದೆ, 2 ಹರ್ಟ್ಸ್‌ನಿಂದ 100 ಹರ್ಟ್ಸ್ ತನಕ. ಯಾವ ಕಂಪನಕ್ಕೆ ರೇಡಿಯೊ ಹಲ್ಲು ಕಟಕಟ ಅನ್ನುತ್ತೋ ಅಲ್ಲೇ ಹಿಡಿದು ಎರಡು ಗಂಟೆ ಅಲ್ಲಾಡಿಸ್ತೀನಿ."

"ಇದು ಲ್ಯಾಬೋ ಯಮಲೋಕದ ಶಾಖೆಯೋ?" ಅಂದ ಲೆಕ್ಕಿಗ.

"ಶಾಖೆಯೇ. ಚಿತ್ರಗುಪ್ತನ ಕೆಲಸವೂ ನನ್ನದೇ. ಒಂದು ಗಂಟೆ ಹಿಂಸೆ ಕೊಟ್ಟರೆ ಮೂರು ಗಂಟೆ ರಿಪೋರ್ಟ್ ಬರೀಬೇಕು."

ಕೈಲಿ ಹಿಡಿಯೋ ಸೆಟ್ಟನ್ನು ದಪ್ಪ ಮರದ ಹಲಗೆ ಮೇಲೆ ಒಂದು ಮೀಟರ್ ಎತ್ತರದಿಂದ ಆರು ಸಲ ಬೀಳಿಸ್ತೀವಿ, ಆರು ಮಗ್ಗುಲಿಗೂ ಒಂದೊಂದು ಏಟು, ಪಕ್ಷಪಾತ ಇಲ್ಲ ಅಂದೆ. ಲೈಫ್‌ಬೋಟಿನಲ್ಲಿ ಇಡೋ ಸೆಟ್ಟಿಗಂತೂ ಒಂದು ಮೀಟರ್ ನೀರಿನಡಿ ಐದು ನಿಮಿಷ ಜಲಸಮಾಧಿ. ಅದರ ಗುಂಡಿಗಳು ದಪ್ಪ ಕೈಗವಸು ತೊಟ್ಟವನಿಗೂ ಒತ್ತೋಕೆ ಬರಬೇಕು. ಹಾಗಾಗಿ ಏಸಿ ರೂಮಿನಲ್ಲಿ ಕರಡಿ ಪಂಜದಂಥ ಗವಸು ಏರಿಸಿ, ಪುಟ್ಟ ಗುಂಡಿಗೆ ಗುರಿಯಿಟ್ಟು ಕೂತಿದ್ದೆ. ಆಗಲೇ ಮ್ಯಾನೇಜರು ಯಾರೋ ಅತಿಥಿಗಳನ್ನು ಕರಕೊಂಡು ಬರಬೇಕೆ! "ಇವರು ನಮ್ಮ ಸೀನಿಯರ್ ಇಂಜಿನಿಯರ್" ಅಂದರು ಪಾಪ, ದನಿ ಸ್ವಲ್ಪ ತಗ್ಗಿಸಿ.

"ಅದರಲ್ಲಿ ಹಾಡು ಬರುತ್ತೇನಯ್ಯಾ?" ಡಾಕ್ಟರ ಸಂಶಯ.

"ಹಾಡಿದರೆ ಒದೆ ಬೀಳುತ್ತೆ. 16ನೇ ಚಾನೆಲ್, 156.8 ಮೆಗಾಹರ್ಟ್ಸ್. ಅಪಾಯ ಅಂದರೆ ಅಲ್ಲಿ ಕೂಗಬೇಕು, ಬೇರೆ ಹಡಗನ್ನು ಕರೆಯೋದಾದರೂ ಅಲ್ಲಿ ಕರೆದು ಇನ್ನೊಂದು ಚಾನೆಲ್ಲಿಗೆ ಹೋಗಿ ಹರಟಬೇಕು. 70ನೇದರಲ್ಲಿ ಬಾಯೇ ಬಿಡೋ ಹಾಗಿಲ್ಲ. ಮುಚ್ಚಳ ಎತ್ತಿ ಕೆಂಪು ಗುಂಡಿ ಒತ್ತಿ ಹಿಡಿದರೆ ನಾವು ಯಾರು, ಎಲ್ಲಿದ್ದೀವಿ ಅಂತ ಸೆಟ್ಟೇ ಅದರಲ್ಲಿ ಹೇಳಿಬಿಡುತ್ತೆ."

"ಹಾಗಾದರೆ ನೀನು ದಿನಾ ಆ ಕೆಂಪು ಗುಂಡಿ ಒತ್ತುತ್ತೀಯಾ?"

"ಒತ್ತುತ್ತೀನಿ. ಕೂಗು ಮಾತ್ರ ಆಚೆ ಹೋಗಬಾರದು. ಆಂಟೆನಾ ಕಿತ್ತು ಆ ಜಾಗಕ್ಕೆ 50 ಓಮಿನ ಡಮ್ಮಿ ಲೋಡ್ ಸಿಕ್ಕಿಸ್ತೀವಿ. ಸೆಟ್ಟು 25 ವಾಟ್ ಅರಚುತ್ತೆ, ಅದಷ್ಟನ್ನೂ ನುಂಗಿ ಅದು ಬಿಸಿಯಾಗಿ ಸುಮ್ಮನಿರುತ್ತೆ. ತಿರುಗಿ ಏನೂ ಕಳಿಸಲ್ಲ. ಕಳಿಸಿದರೆ ಅರಚಿದವನೇ ಸುಟ್ಟುಹೋದಾನು."

ಲೆಕ್ಕಿಗ ನಿಟ್ಟುಸಿರು ಬಿಟ್ಟ. "ಆಫೀಸಲ್ಲಿ ನಂದೂ ಅದೇ ಹುದ್ದೆ ಕಣೋ. ಹೆಸರು ಮಾತ್ರ ಗೊತ್ತಿರಲಿಲ್ಲ."

ಈಪರ್ಬ್ ಕಥೆ ಹೇಳಬಾರದು ಅಂದುಕೊಂಡಿದ್ದೆ, ನಾಲಿಗೆ ಕೇಳಲಿಲ್ಲ. ಹಡಗು ಮುಳುಗಿದರೆ ತಾನೇ ಕಳಚಿಕೊಂಡು ತೇಲಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಮೊರೆಯಿಡೋ ಪೆಟ್ಟಿಗೆ ಅದು. ಸುಮಾರು 50 ಸೆಕೆಂಡಿಗೊಮ್ಮೆ ಒಂದು ಕೂಗು, 48 ಗಂಟೆ ತನಕ. ರಿಪೇರಿಗೆ ಬಂದಿದ್ದ ಒಂದನ್ನು ಹೊಸ ಹುಡುಗ ಸೆಲ್ಫ್ ಟೆಸ್ಟ್ ಬಿಟ್ಟು ನಿಜವಾಗಿಯೇ ಆನ್ ಮಾಡಿದ. ಮಾಡಿದ್ದು ಕೂಗು ಆಚೆ ಬಿಡದ ಲೋಹದ ಕೋಣೆಯೊಳಗೇ, ಆದರೆ ಬಾಗಿಲು ಹಾಕಿರಲಿಲ್ಲ. ಪೆಟ್ಟಿಗೆ ಮಾಲೀಕನ ಹೆಸರಲ್ಲಿ ನೋಂದಣಿಯಾಗಿತ್ತಲ್ಲ, ರಕ್ಷಣಾ ಕೇಂದ್ರದವರು ಅವನಿಗೇ ಫೋನ್ ಹಚ್ಚಿದರು. ಅವನು ನಮಗೆ ಹಚ್ಚಿದ. "ನನ್ನ ಹಡಗು ಕಣ್ಣೆದುರೇ ಕಟ್ಟಿ ನಿಂತಿದೆ ಸ್ವಾಮಿ. ನಿಮ್ಮ ಮೂರನೇ ಮಹಡಿ ಏನಾದರೂ ಮುಳುಗ್ತಾ ಇದೆಯಾ?"

ಹುಡುಗ ಆಮೇಲೆ ಒಂದು ವಾರ ಎಲ್ಲ ಬಾಗಿಲನ್ನೂ ಎರಡೆರಡು ಸಲ ಹಾಕುತ್ತಿದ್ದ. ಶೌಚಾಲಯದ್ದನ್ನು ಮೂರು ಸಲ.

"ಇದಕ್ಕಿಂತ ದೊಡ್ಡ ಪೀಡೆ ಹೆಬ್ಬೆರಳು" ಅಂದೆ. "ಮಾತಾಡೋ ಗುಂಡಿ ಒತ್ತಿದವನು ಬಿಡೋದೇ ಮರೆತ ಅಂತಿಟ್ಕೊಳ್ಳಿ, ಇಲ್ಲಾ ಮೈಕಿನ ಮೇಲೆ ಕೂತೇಬಿಟ್ಟ. ಸುತ್ತಲ ಹಡಗುಗಳಿಗೆಲ್ಲ ಅವನ ಗೊರಕೆ, ಚಾನೆಲ್ ಬಂದ್. ಅದಕ್ಕೇ ಐದು ನಿಮಿಷಕ್ಕೆ ಸೆಟ್ಟು ತಾನಾಗಿ ಅವನ ಬಾಯಿ ಕಟ್ಟುತ್ತೆ. ಅದನ್ನೂ ಪರೀಕ್ಷೆ ಮಾಡ್ಬೇಕು, ಗುಂಡಿ ಒತ್ತಿ ಹಿಡಿದು ಸ್ಟಾಪ್‌ವಾಚ್ ನೋಡ್ತಾ."

"ಅದಕ್ಕೂ ಸಂಬಳ ಕೊಡ್ತಾರಾ?"

"ಆ ಐದು ನಿಮಿಷಕ್ಕೂ ಸೇರಿಸಿ."

ಅಷ್ಟು ಹೊತ್ತು ತಡೆದುಕೊಂಡಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೀವು ನಗಬೇಡ್ರಯ್ಯಾ. ಜಾಂಬವಂತ ಏನು ಸಮುದ್ರ ಹಾರಿದನೇ? ಇಲ್ಲ. ದಡದಲ್ಲೇ ಕೂತು, ನಿನ್ನ ಕೈಲಿ ಆಗುತ್ತೆ ಅಂತ ಹನುಮಂತನಿಗೆ ಸರ್ಟಿಫಿಕೇಟು ಕೊಟ್ಟ. ಇವನೂ ಹಾಗೇ. ಅದು ಹೇಗೆ ಬಂತು ಅಂದರೆ, ಕಿಷ್ಕಿಂಧೆಯಿಂದ ದಕ್ಷಿಣಕ್ಕೆ ಹೊರಟ ಕಪಿಗಳು..."

ಲೆಕ್ಕಿಗ ನನಗೆ ಕಣ್ಣು ಹೊಡೆದು ವಾಚ್ ಬಿಚ್ಚಿ ಮೇಜಿನ ಮೇಲಿಟ್ಟ.

ಮೇಷ್ಟ್ರು ಕಾಡು ದಾಟಿದರು, ಗುಹೆ ಹೊಕ್ಕರು, ಹೊರಬಂದರು. ಸಂಪಾತಿಯ ಸುಟ್ಟ ರೆಕ್ಕೆಯ ಹತ್ತಿರ ಬಂದಾಗ ಲೆಕ್ಕಿಗ "ಐದಾಯ್ತು" ಅಂದ.

ಮೇಷ್ಟ್ರು ಸಂಪಾತಿಯ ತಮ್ಮ ಜಟಾಯುವಿನ ಕಡೆ ತಿರುಗಿದರು.

"ಫೇಲ್" ಅಂತ ಬರಕೊಂಡೆ.