ಗೇರ್ ಯಾಕೆ ಕಾಯುತ್ತದೆ? ಉಸ್ತಾದ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ, ಎಂಜಿನ್ ಇರುವ ರಿಮೋಟ್ ಕಾರುಗಳಲ್ಲಿ ಗೇರ್ ಬಿಸಿಯಾಗುವುದು. ಗುಂಪಿನಲ್ಲಿ ನೈಟ್ರೋ, ಅಂದರೆ ಮೆಥನಾಲ್ ಬೆರೆತ ಇಂಧನದ ಕಾರಿನವರೂ ಇದ್ದೀರಿ, ದೊಡ್ಡ ಪೆಟ್ರೋಲ್ ಕಾರಿನವರೂ ಇದ್ದೀರಿ. ಕಲಬುರಗಿಯಲ್ಲಿ ಗ್ಯಾರೇಜ್ ನಡೆಸುವ ನಮ್ಮ ಉಸ್ತಾದ್ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ತೊಗರಿ ಎಕ್ಸ್‌ಪ್ರೆಸ್: ಉಸ್ತಾದ್, ನಮಸ್ಕಾರ ರೀ. ನಂದು 1/8 ಅಳತೆಯ (ನಿಜ ಕಾರಿನ ಎಂಟನೇ ಒಂದು ಪಾಲು) ನೈಟ್ರೋ ಬಗ್ಗಿ. ಒಂದು ಟ್ಯಾಂಕ್ ಓಡಿಸಿದರೆ ಸಾಕು, ಗೇರ್ ಮುಟ್ಟೋಕೆ ಆಗಲ್ಲ. ನಮ್ಮೂರ ಬಿಸಿಲಿಗೆ ಹೀಗಾ?

ಉಸ್ತಾದ್: ನಮಸ್ಕಾರ. ಬಿಸಿಲು 42 ಇರಲಿ, 44 ಇರಲಿ, ಅದೊಂದರಿಂದಲೇ ಗೇರ್ ಇಷ್ಟು ಕಾಯಲ್ಲ. ಮೊದಲು ಮೆಶ್ ನೋಡಿ, ಅಂದರೆ ಎಂಜಿನ್ ತುದಿಯ ಕ್ಲಚ್ ಬೆಲ್ಲಿನ (ಹಲ್ಲಿರುವ ಬಟ್ಟಲು) ಹಲ್ಲು, ಚಕ್ರಕ್ಕೆ ಶಕ್ತಿ ಒಯ್ಯುವ ದೊಡ್ಡ ಸ್ಪರ್ ಗೇರಿನ ಹಲ್ಲಿಗೆ ಎಷ್ಟು ಬಿಗಿಯಾಗಿ ಕೂತಿದೆ ಅಂತ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಎರಡರ ನಡುವೆ ಕೊಟ್ಟು ಕೈಯಿಂದ ತಿರುಗಿಸಿ. ಹಾಳೆ ಮೇಲೆ ಹಲ್ಲಿನ ಮಡಿಕೆ ಬೀಳಬೇಕು, ಹಾಳೆ ಹರಿಯಬಾರದು. ಹರಿದರೆ ಬಿಗಿ. ಸ್ಪರ್ ಗೇರ್ ಪೂರ್ತಿ ದುಂಡಗೆ ಇರುವುದು ಕಡಿಮೆ. ಒಂದೇ ಕಡೆ ನೋಡಿ ಬಿಡಬೇಡಿ, ಸುತ್ತ ನೋಡಿ, ಅತಿ ಬಿಗಿ ಇರುವ ಜಾಗದಲ್ಲಿ ಹೊಂದಿಸಿ. ಆಮೇಲೆ ಎಂಜಿನ್ ಮೌಂಟಿನ ಸ್ಕ್ರೂಗೆ ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಹಾಕಿ. ಇಲ್ಲದಿದ್ದರೆ ಎಂಜಿನ್ ಅಲುಗಾಡಿ ಮೆಶ್ ಮತ್ತೆ ಕೆಡುತ್ತದೆ.

ಹುಮನಾಬಾದ್ ಬಗ್ಗಿ: ನಂದೂ ಗೇರ್ ಬಿಸಿ ಆಗುತ್ತೆ ಸರ್. ಏನು ಮಾಡಲಿ?

ಉಸ್ತಾದ್: ಮೇಲಿನದು ಓದಿ.

ಬೀದರ್ ನೈಟ್ರೋ: ಬೀದರ್‌ನಲ್ಲಿ ನೈಟ್ರೋ ಇಂಧನ ಎಲ್ಲಿ ಸಿಗುತ್ತೆ ಅಣ್ಣ?

ಫರ್ಸಿ ಊರಿನವರು: ಉಸ್ತಾದ್, ನಾವು ಶಹಾಬಾದ್‌ನವರು. ಮಗನ ಕಾರು, 1/10 ನೈಟ್ರೋ ಟ್ರಕ್. ಪ್ಲಾಸ್ಟಿಕ್ ಸ್ಪರ್ ಗೇರ್ ಮತ್ತೆ ಮತ್ತೆ ಹೋಗುತ್ತಿದೆ. ಹಲ್ಲು ಮುರಿಯುವುದಿಲ್ಲ, ಕರಗಿ ಇಳಿದುಬಿಡುತ್ತದೆ. ಮೆಶ್ ಹಾಳೆ ಹಾಕಿಯೇ ಹೊಂದಿಸಿದ್ದು. ಕ್ಲಚ್ ಬೆಲ್ ಈಗ ಒಂದು ಕಡೆ ನೀಲಿ, ಅಂಚಿನಲ್ಲಿ ನೇರಳೆ. ಫೋಟೋ ಹಾಕಿದ್ದೇನೆ.

ಉಸ್ತಾದ್: ಫೋಟೋ ನೋಡಿದೆ. ಬೆಲ್ ಬದಲಿಸಿದ್ದೀರಾ? ಎಷ್ಟು ಹಲ್ಲಿನದು?

ಫರ್ಸಿ ಊರಿನವರು: ಹೌದ್ರಿ. 14ರದು ಇತ್ತು. ಮಗ ಸ್ಪೀಡ್ ಸಾಲದು ಅಂದ, 18ರದು ಹಾಕಿಸಿದೆ. ಸ್ಪರ್ 48 ಹಲ್ಲಿನದು, ಅದು ಮೊದಲಿಂದಲೂ ಅದೇ.

ಉಸ್ತಾದ್: ಹಾಗಾದರೆ ಕೂತು ಓದಿ, ಇದು ಸ್ವಲ್ಪ ಉದ್ದ ಇದೆ.

ಸ್ಟೀಲ್ ನೀಲಿಗೆ ತಿರುಗಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ನೇರಳೆ ಅದಕ್ಕಿಂತ ತುಸು ಕಡಿಮೆ. ನೈಲಾನ್ ಗೇರ್ ಅದರ ಜಾತಿ ನೋಡಿಕೊಂಡು 220ರಿಂದ 260ರ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಹಲ್ಲು ಹಲ್ಲಿಗೆ ತಿಕ್ಕಿ ಇಷ್ಟು ಕಾವು ಬಂದಿದ್ದರೆ ಬೆಲ್ ನೀಲಿ ಆಗುವ ಮೊದಲೇ ಹಲ್ಲು ಸವೆದು ಪುಡಿ ಉದುರುತ್ತಿತ್ತು. ನಿಮ್ಮ ಗೇರ್ ಕರಗಿಸುತ್ತಿರುವುದು ಬೆಲ್ ಒಳಗಿನ ಕಾವು. ಒಳಗೆ ಇರುವುದು ಕ್ಲಚ್ ಶೂ, ಎಂಜಿನ್ ಜೋರಾದಾಗ ಹೊರಕ್ಕೆ ಚಾಚಿ ಬೆಲ್ಲನ್ನು ಹಿಡಿದು ತಿರುಗಿಸುವ ತುಂಡು. ಅದು ಹಿಡಿಯುತ್ತಿಲ್ಲ, ಜಾರುತ್ತಿದೆ.

ಯಾಕೆ ಜಾರುತ್ತದೆ? 14ರ ಬೆಲ್ಲಿಗೆ ಎಂಜಿನ್ 3.43 ಸುತ್ತು ತಿರುಗಿದರೆ ಸ್ಪರ್ ಒಂದು ಸುತ್ತು. 18ಕ್ಕೆ 2.67 ಸುತ್ತಿಗೇ ಒಂದು. ಸ್ಪೀಡ್ ಸಿಗುತ್ತದೆ, ಸರಿ. ಆದರೆ ನಿಂತ ಕಾರನ್ನು ಎಬ್ಬಿಸಲು ಎಂಜಿನ್ ಒದ್ದಾಡಬೇಕು. ಅಷ್ಟು ಹೊತ್ತೂ ಶೂ ಬೆಲ್ಲಿನ ಒಳಗೋಡೆಗೆ ಉಜ್ಜುತ್ತಲೇ ಇರುತ್ತದೆ. ಎರೆಹೊಲದಲ್ಲೋ ಹುಲ್ಲಿನಲ್ಲೋ ಓಡಿಸಿದರೆ ಇನ್ನೂ ಜಾಸ್ತಿ. ಹುಡುಗರು ಬೇರೆ ಐದು ಹೆಜ್ಜೆಗೊಮ್ಮೆ ನಿಲ್ಲಿಸಿ ಎಳೆಯುತ್ತಾರೆ.

ಈಗ ಎರಡು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇದ್ದಾಗ, ಟ್ರಿಗರ್ ಮುಟ್ಟದೆ ಕಾರನ್ನು ಕೈಯಿಂದ ತಳ್ಳಿ. ಹಗುರವಾಗಿ ಉರುಳಬೇಕು. ತಡೆದರೆ ಬ್ರೇಕ್ ಹಿಡಿದುಕೊಂಡೇ ಇದೆ, ಅದನ್ನು ಎಳೆಯುವ ಲಿಂಕೇಜ್ ಸಡಿಲಿಸಿ. ಎರಡನೆಯದು, ನಾಲ್ಕೂ ಚಕ್ರ ನೆಲ ಬಿಡುವ ಹಾಗೆ ಕಾರನ್ನು ಡಬ್ಬಿ ಮೇಲಿಟ್ಟು ಸ್ಟಾರ್ಟ್ ಮಾಡಿ. ಐಡಲ್‌ನಲ್ಲಿ, ಅಂದರೆ ಟ್ರಿಗರ್ ಒತ್ತದಿದ್ದಾಗ, ಚಕ್ರ ಜೋರಾಗಿ ತಿರುಗಬಾರದು. ತಿರುಗಿದರೆ ಐಡಲ್ ಜಾಸ್ತಿ ಇದೆ, ಇಲ್ಲವೇ ಶೂವನ್ನು ಒಳಕ್ಕೆ ಎಳೆದಿಡುವ ಕ್ಲಚ್ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬೆಲ್ ಬೇರಿಂಗ್ ಹಿಡಿಯುತ್ತಿದೆ.

ಪರೀಕ್ಷೆ ಏನೇ ಹೇಳಲಿ, ಆ ನೀಲಿ ಬೆಲ್ ಇನ್ನು ಬೇಡ. ಅಷ್ಟು ಕಾವಿಗೆ ಸ್ಪ್ರಿಂಗ್ ಕಸುವು ಕಳೆದುಕೊಂಡಿರುತ್ತದೆ, ಬೇರಿಂಗಿನ ಗ್ರೀಸ್ ಸುಟ್ಟಿರುತ್ತದೆ. 14ಕ್ಕೇ ವಾಪಸ್ ಹೋಗಿ. ಬೆಲ್, ಸ್ಪ್ರಿಂಗ್, ಬೇರಿಂಗ್ ಹೊಸದು ಹಾಕಿ. ಶೂ ಮುಖ ಹೊಳಪು ಹೊಡೆದಿದ್ದರೆ ಅದೂ ಹೊಸದು. ಬೇರಿಂಗಿಗೆ ಒಂದೇ ಹನಿ ಎಣ್ಣೆ. ಜಾಸ್ತಿ ಹಾಕಿದರೆ ಶೂ ಮೇಲೆ ಚಿಮ್ಮಿ ಮತ್ತೆ ಜಾರುತ್ತದೆ.

ಸ್ಪೀಡ್ ಕಿಂಗ್ ಯಾದಗಿರಿ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. "ಕೊಬ್ಬರಿ ಎಣ್ಣೆಗೆ ಪೆನ್ಸಿಲ್ ಕಡ್ಡಿ ಪುಡಿ ಬೆರೆಸಿ ಗೇರಿಗೆ ಹಚ್ಚಿ, ಎಂಜಿನ್ ಮೇಲೆ ಒದ್ದೆ ಬಟ್ಟೆ ಸುತ್ತಿ, ಎಂದೂ ಬಿಸಿಯಾಗಲ್ಲ."

ಉಸ್ತಾದ್: ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದರು ಅಲ್ವಾ? ಹೊರಗೆ ತೆರೆದಿರುವ ಗೇರಿಗೆ ಎಣ್ಣೆ, ಗ್ರೀಸ್ ಏನೂ ಹಚ್ಚಬೇಡಿ. ನಮ್ಮಲ್ಲಿ ಎರೆಮಣ್ಣು, ಆ ಕಡೆ ಫರ್ಸಿ ಕಲ್ಲಿನ ಧೂಳು. ಎಣ್ಣೆಗೆ ಧೂಳು ಅಂಟಿದರೆ ಗ್ಯಾರೇಜಿನಲ್ಲಿ ವಾಲ್ವ್ ಉಜ್ಜುವ ಪೇಸ್ಟ್ ಇದ್ದ ಹಾಗೆ, ಹಲ್ಲು ತಿಂದು ಹಾಕುತ್ತದೆ. ಗ್ರೀಸ್ ಇರುವುದು ಮುಚ್ಚಿದ ಡಿಫರೆನ್ಷಿಯಲ್ ಡಬ್ಬಿ ಒಳಗೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಕಾದ ಎಂಜಿನ್ ತಲೆಗೆ ನೀರು ಬಿದ್ದರೆ ಪಿಸ್ಟನ್ ಓಡಾಡುವ ಒಳಗಿನ ಸ್ಲೀವ್ ಸೊಟ್ಟಾಗಬಹುದು, ಕಾರ್ಬುರೇಟರಿಗೆ ಇಳಿದರೆ ಬೇರಿಂಗ್ ತುಕ್ಕು. ಬಿಸಿಯಾದರೆ ಆಫ್ ಮಾಡಿ, ನೆರಳಿಗೆ ಇಡಿ.

ಸ್ಪೀಡ್ ಕಿಂಗ್ ಯಾದಗಿರಿ: ನಾನು ಸುಮ್ನೆ ಹಾಕಿದೆ ಸರ್, ಬಂದಿದ್ದು ಬಂದ ಹಾಗೆ.

ಜೇವರ್ಗಿ ಗಾಡಿ: ಇಷ್ಟೆಲ್ಲ ಯಾಕೆ? ಸ್ಟೀಲ್ ಸ್ಪರ್ ಗೇರ್ ಹಾಕಿ, ಮುಗೀತು. ಕರಗೋ ಮಾತೇ ಇಲ್ಲ.

ತೊಗರಿ ಎಕ್ಸ್‌ಪ್ರೆಸ್: ಸ್ಟೀಲ್ ಹಾಕಿದರೆ ಬೆಲ್ ಹೋಗುತ್ತೆ ಅಣ್ಣ. ಪ್ಲಾಸ್ಟಿಕ್ ಅಗ್ಗ, ಹೋದರೆ ಅದೊಂದೇ ಹೋಗುತ್ತೆ.

ಜೇವರ್ಗಿ ಗಾಡಿ: ನಂದು ಸ್ಟೀಲೇ, ಇನ್ನೂ ಓಡುತ್ತಿದೆ.

ತೊಗರಿ ಎಕ್ಸ್‌ಪ್ರೆಸ್: ಓಡುತ್ತಿರೋದಲ್ಲ, ಕಿರುಚುತ್ತಿರೋದು. ಮೈದಾನದಲ್ಲಿ ಎಲ್ಲರೂ ಕೇಳಿದ್ದಾರೆ.

ಉಸ್ತಾದ್: ಸ್ಟೀಲ್ ತಪ್ಪಲ್ಲ, ಹಲವು ದೊಡ್ಡ ಪೆಟ್ರೋಲ್ ಕಾರುಗಳಲ್ಲಿ ಸ್ಟೀಲೇ ಬರುತ್ತದೆ. ಆದರೆ ಶಹಾಬಾದ್‌ನವರ ಕಾರಿಗೆ ಅದು ಔಷಧ ಅಲ್ಲ. ಕ್ಲಚ್ ಜಾರುವುದು ನಿಲ್ಲಲ್ಲ, ಕಾವು ಹುಟ್ಟುತ್ತಲೇ ಇರುತ್ತದೆ. ಗೇರ್ ಕರಗಲಿಲ್ಲ ಅಂತ ಹುಡುಗ ಓಡಿಸುತ್ತಲೇ ಇರುತ್ತಾನೆ, ಆ ಕಾವು ಕ್ರ್ಯಾಂಕಿನ ಕಡೆ ಹೋಗುತ್ತದೆ.

ಚಿತ್ತಾಪುರ ಚಾಲಕ: ಬೇಸಿಗೆಗೆ ಕಾರ್ಬುರೇಟರ್ ನೀಡಲ್ ರಿಚ್ (ಇಂಧನ ಜಾಸ್ತಿ) ಮಾಡಲೇಬೇಕು ಅಂತಾರೆ, ನಿಜಾನಾ?

ಉಸ್ತಾದ್: ಬಿಸಿ ಗಾಳಿ ತೆಳು. ಅದೇ ನೀಡಲ್‌ನಲ್ಲಿ ಮಿಶ್ರಣ ತಾನಾಗೇ ಸ್ವಲ್ಪ ರಿಚ್ ಆಗುತ್ತದೆ. ಕ್ಯಾಲೆಂಡರ್ ನೋಡಿ ತಿರುಗಿಸಬೇಡಿ. ಟೆಂಪ್ ಗನ್ (ಮುಟ್ಟದೆ ಕಾವು ಅಳೆಯುವ ಸಾಧನ) ಎಂಜಿನ್ ತಲೆ ಮೇಲಿನ ಗ್ಲೋ ಪ್ಲಗ್ಗಿನ ಬುಡಕ್ಕೆ ಹಿಡಿಯಿರಿ. ಸುಮಾರು 100ರಿಂದ 125 ಡಿಗ್ರಿ ಇದ್ದರೆ ಸುಮ್ನಿರಿ. ಮೇಲೆ ಹೋಗಿ, ಹೊಗೆಯೂ ಕಾಣದಿದ್ದರೆ ಹೈಸ್ಪೀಡ್ ನೀಡಲ್ 1/12 ಸುತ್ತು ಎಡಕ್ಕೆ. ಮೈದಾನದಲ್ಲಿ ಒಂದು ಸುತ್ತು ಕಾರು ಓಡಿಸಿ ಮತ್ತೆ ನೋಡಿ.

ಬೀದರ್ ನೈಟ್ರೋ: ಅಣ್ಣ, ಇಂಧನದ್ದು ಯಾರೂ ಹೇಳಲಿಲ್ಲ. ಸಿಗದಿದ್ದರೆ ಪೆಟ್ರೋಲ್ ಹಾಕಬಹುದಾ?

ಉಸ್ತಾದ್: ನೈಟ್ರೋ ಎಂಜಿನ್‌ಗೆ ಆಗಲ್ಲ. ಅದರಲ್ಲಿ ಸ್ಪಾರ್ಕ್ ಇಲ್ಲ. ಗ್ಲೋ ಪ್ಲಗ್ಗಿನ ಪ್ಲಾಟಿನಂ ತಂತಿ ಮೆಥನಾಲ್ ಜೊತೆ ಸೇರಿದಾಗಲೇ ಕೆಂಪಗೆ ಉಳಿಯುತ್ತದೆ.

ಹುಮನಾಬಾದ್ ಬಗ್ಗಿ: ನನ್ನ ಹತ್ತಿರ ಅರ್ಧ ಲೀಟರ್ ಉಳಿದಿದೆ, ನೀರಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ಬೇಕಾದರೆ ಬೀದರ್ ಅಣ್ಣನಿಗೆ ಕೊಡುತ್ತೇನೆ.

ಉಸ್ತಾದ್: ಈಗಲೇ ಎದ್ದು ಹೋಗಿ ಆ ಬಾಟಲಿ ತೆಗೆಯಿರಿ. ಅದರಲ್ಲಿ ಮೆಥನಾಲ್ ಇದೆ. ಯಾರಾದರೂ ನೀರು, ಶರಬತ್ತು ಅಂತ ಒಂದು ಗುಟುಕು ಕುಡಿದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅದರ ಸ್ವಂತ ಡಬ್ಬಿಯಲ್ಲೇ ಇರಲಿ, ಬೀಗ ಹಾಕಿದ ಕಪಾಟಿನಲ್ಲಿ ಇರಲಿ. ಮೆಥನಾಲ್ ಉರಿ ಹಗಲಲ್ಲಿ ಸರಿಯಾಗಿ ಕಾಣುವುದೂ ಇಲ್ಲ, ಒಲೆ ಹತ್ತಿರ ಸುಳಿಯಲೂ ಬಾರದು. ಗೇರ್ ಕರಗಿದರೆ ಹೊಸದು ಸಿಗುತ್ತದೆ.

ಹುಮನಾಬಾದ್ ಬಗ್ಗಿ: ಆಯ್ತು ಉಸ್ತಾದ್, ತೆಗೆದೆ. ಬೈಬೇಡಿ.

ಉಸ್ತಾದ್: ಬೈಯುತ್ತೇನೆ.

ಆಳಂದ 5ಟಿ: 1/5 ಪೆಟ್ರೋಲ್ ಕಾರಿಗೆ ಎಣ್ಣೆ ಎಷ್ಟು?

ಉಸ್ತಾದ್: ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಇರುವಷ್ಟು. ಸಾಮಾನ್ಯವಾಗಿ 25:1, ಅಂದರೆ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ.

ಸ್ಪೀಡ್ ಕಿಂಗ್ ಯಾದಗಿರಿ: ಸರ್, ಕೊಬ್ಬರಿ ಎಣ್ಣೆ ಬೇಡ ಅಂದರೆ ಶೇಂಗಾ ಎಣ್ಣೆ?

ಜೇವರ್ಗಿ ಗಾಡಿ: ಇವನಿಗೆ ಯಾರಾದರೂ ಬಜ್ಜಿ ಕೊಡಿಸಿ.

ಸ್ಪೀಡ್ ಕಿಂಗ್ ಯಾದಗಿರಿ: ನಿಮ್ಮ ಕಿರುಚೋ ಗಾಡಿ ಮೊದಲು ನೋಡಿಕೊಳ್ಳಿ.

ಜೇವರ್ಗಿ ಗಾಡಿ: ಏನಂದೆ?

ಎಲೆಕ್ಟ್ರಿಕ್ ಭಾಯ್: ಅದಕ್ಕೇ ಹೇಳೋದು, ಬ್ಯಾಟರಿ ಕಾರು ತಗೊಳ್ಳಿ ಅಂತ.

ತೊಗರಿ ಎಕ್ಸ್‌ಪ್ರೆಸ್: ನಿಮ್ಮನ್ನು ಕೇಳಿದ್ದು ಯಾರು?

ಅಡ್ಮಿನ್: ಗೇರ್ ಬಿಟ್ಟು ಬೇರೆ ಮಾತಾಡಿದರೆ ತೆಗೆದುಹಾಕುತ್ತೇನೆ. ಉಸ್ತಾದ್ ಅವರಿಗೂ ಭಾನುವಾರ ಇರುವುದು ಒಂದೇ.

ಬೀದರ್ ನೈಟ್ರೋ: ಇಂಧನ?

ಫರ್ಸಿ ಊರಿನವರು: ಉಸ್ತಾದ್, ಡಬ್ಬಿ ಮೇಲಿಟ್ಟು ನೋಡಿದೆ. ಐಡಲ್ ಇಳಿಸಿದರೂ ಚಕ್ರ ಜೋರಾಗಿ ತಿರುಗುತ್ತಲೇ ಇತ್ತು. ತಣ್ಣಗಾದ ಮೇಲೆ ಬೆಲ್ ಬಿಚ್ಚಿದೆ. ಒಂದು ಸ್ಪ್ರಿಂಗ್ ಎರಡು ತುಂಡಾಗಿದೆ, ಒಂದು ತುಂಡು ಮಾತ್ರ ಸಿಕ್ಕಿತು.

ಉಸ್ತಾದ್: ಹಾಗಾದರೆ ಒಂದು ಶೂ ಯಾವಾಗಲೂ ಬೆಲ್ಲಿಗೆ ತಾಗಿಕೊಂಡೇ ಇತ್ತು, ಕಾರು ನಿಂತಾಗಲೂ. ಬ್ರೇಕ್ ಹಿಡಿದು ನಿಲ್ಲಿಸಿದಷ್ಟು ಹೊತ್ತೂ ಉಜ್ಜಿದೆ. ಇನ್ನೊಂದು ತುಂಡು ಸಿಗುವ ತನಕ ಹೊಸ ಬೆಲ್ ಹಾಕಬೇಡಿ, ಅದನ್ನೂ ಗೀರಿ ಹಾಕುತ್ತದೆ.

ಫರ್ಸಿ ಊರಿನವರು: ಸಿಕ್ತು ರೀ. ಬೇರಿಂಗಿನ ಸೀಲ್ ಒಳಗೆ ಸಿಕ್ಕಿಕೊಂಡಿತ್ತು.

ಉಸ್ತಾದ್: ಹೊಸ ಬೇರಿಂಗ್ ಹಾಕುವಾಗ ಹಳೆಯದನ್ನು ಮಗನ ಕೈಗೆ ಕೊಡಬೇಡಿ, ತೊಳೆದು ಮತ್ತೆ ಹಾಕುತ್ತಾನೆ.