ರೇಷ್ಮೆ ರಸ್ತೆಯೋ, ರೇಷ್ಮೆ ದಾರಿಯೋ?

ಗೆಳೆಯರೆ,

ರಸ್ತೆಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚೀನಾದಿಂದ ಮೆಡಿಟರೇನಿಯನ್ ಕಡಲಿನವರೆಗೆ ಹಬ್ಬಿದ್ದ ಹಳೆಯ ವ್ಯಾಪಾರದ ಜಾಡನ್ನು ಕೆಲವರು ‘ರೇಷ್ಮೆ ರಸ್ತೆ’ ಎನ್ನುತ್ತಾರೆ, ಕೆಲವರು ‘ರೇಷ್ಮೆ ದಾರಿ’ ಎನ್ನುತ್ತಾರೆ. ‘ರೇಷ್ಮೆ ಮಾರ್ಗ’ವೂ ಬಳಕೆಯಲ್ಲಿದೆ. ಇಲ್ಲಿ ರಸ್ತೆ ಎಂಬ ಪದ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ದಾರಿ ನಡೆಯುವವನದು. ದಾರಿ ಕಾಯುತ್ತೇವೆ, ದಾರಿ ಕೇಳುತ್ತೇವೆ, ದಾರಿ ತಪ್ಪುತ್ತೇವೆ, ಕೊನೆಗೆ ದಾರಿಗೆ ಬರುತ್ತೇವೆ. ಇಲ್ಲೆಲ್ಲ ‘ರಸ್ತೆ’ ಹಾಕಿ ನೋಡಿ, ಒಂದು ಮಾತೂ ನಿಲ್ಲುವುದಿಲ್ಲ. ರಸ್ತೆಯಾದರೋ ಕಟ್ಟಿದ ವಸ್ತು. ಅದನ್ನು ಹಾಕುತ್ತಾರೆ, ಅಗೆಯುತ್ತಾರೆ, ಅಗಲ ಮಾಡುತ್ತಾರೆ. ಮಳೆಗೆ ಅದು ಕುಸಿಯುತ್ತದೆ. ಕಡಲಿನಲ್ಲಿ ಹಡಗಿಗೆ ದಾರಿ ಇರುತ್ತದೆ, ರಸ್ತೆ ಇರುವುದಿಲ್ಲ. ಪಾರಸಿಯ ‘ರಾಸ್ತಾ’ದಿಂದ ಬಂದ ಈ ಪದ ಅಲ್ಲಿ ದಾರಿ ಎಂಬ ಅರ್ಥವನ್ನೂ ಕೊಡುತ್ತದೆ. ಕನ್ನಡದಲ್ಲಿ ದಾರಿ ಮೊದಲೇ ಇದ್ದುದರಿಂದ ರಸ್ತೆಗೆ ಬೇರೆ ಕೆಲಸ ಸಿಕ್ಕಿತು ಎಂದು ನನ್ನ ಊಹೆ.

ರೇಷ್ಮೆಯ ಜಾಡು ಯಾರೋ ಒಬ್ಬರು ಹಾಕಿಸಿದ ಒಂದು ರಸ್ತೆಯಲ್ಲ. ಒಂಟೆಗಳ ಸಾಲು ಓಯಸಿಸ್‌ನಿಂದ ಓಯಸಿಸ್‌ಗೆ, ಕಣಿವೆಯಿಂದ ಕಣಿವೆಗೆ ಸಾಗಿದ ಹಲವು ಜಾಡುಗಳ ಹೆಣಿಗೆ ಅದು. ಆ ಹೆಸರು ಚಲಾವಣೆಗೆ ಬಂದದ್ದೂ ಬಹಳ ತಡವಾಗಿ, 1877ರಲ್ಲಿ ಜರ್ಮನಿಯ ಭೂಗೋಳಶಾಸ್ತ್ರಜ್ಞ ರಿಚ್ತ್‌ಹೋಫೆನ್ ಅದನ್ನು ಬಳಸಿದ ಮೇಲೆ. ಆದ್ದರಿಂದ ‘ರೇಷ್ಮೆ ದಾರಿ’, ಬೇಕಿದ್ದರೆ ‘ರೇಷ್ಮೆ ದಾರಿಗಳು’.

ಗಾಡಿ ಓಡಿದರೆ ಮಾತ್ರ ರಸ್ತೆ ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಇಂಕಾ ಜನರು ಗಾಡಿಯ ಚಕ್ರವಿಲ್ಲದೆಯೇ ಬೃಹತ್ ಜಾಲವೊಂದನ್ನು ಕಟ್ಟಿದರು. ಅದರ ಮೇಲೆ ಓಡಾಡಿದ್ದು ಹೊರೆ ಹೊತ್ತ ಲಾಮಾ ಎಂಬ ಒಂಟೆಜಾತಿಯ ಪ್ರಾಣಿಗಳು ಮತ್ತು ಓಡುತ್ತ ಸುದ್ದಿ ಮುಟ್ಟಿಸುವ ಓಲೆಕಾರರು. ಕಡಿದಾದ ಕಡೆ ಕಲ್ಲಿನ ಮೆಟ್ಟಿಲು, ಕಮರಿಯ ಮೇಲೆ ಹುಲ್ಲಿನ ಹಗ್ಗದ ಸೇತುವೆ. ಅದು ರಸ್ತೆಯೇ.

ನಿಜವಾಗಿ ಕಾಡುವುದು ಇಂಗ್ಲೆಂಡಿನ ಸಾಮರ್‌ಸೆಟ್‌ನ ಜೌಗಿನಲ್ಲಿ ಸಿಕ್ಕ ‘ಸ್ವೀಟ್ ಟ್ರ್ಯಾಕ್’. ಮರದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳ ಲೆಕ್ಕದಂತೆ ಅದು ಕ್ರಿ.ಪೂ. 3807–06ರದ್ದು. ಕತ್ತರಿಯಾಗಿ ನೆಟ್ಟ ಗೂಟಗಳ ನಡುವೆ, ಕೆಸರಿಗೆ ತಾಗದಂತೆ, ಉದ್ದುದ್ದಕ್ಕೆ ಓಕ್ ಹಲಗೆಗಳನ್ನು ಕೂರಿಸಿದ್ದಾರೆ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಕಟ್ಟಿದ್ದೇನೋ ಹೌದು, ಆದರೆ ರಸ್ತೆ ಎನ್ನಲು ನಾಲಿಗೆ ಏಳುವುದಿಲ್ಲ. ನಾನು ‘ಹಲಗೆಹಾದಿ’ ಎಂದು ಬರೆದಿದ್ದೇನೆ. ಕಾಲಿನ ನಡಿಗೆಗೆ ಹಾದಿ ಹತ್ತಿರದ ಪದ.

ಬೀದಿಯ ವಿಷಯದಲ್ಲಿ ಗೊಂದಲವಿಲ್ಲ. ಎರಡೂ ಬದಿಗೆ ಮನೆ ಬೇಕು, ನೋಡುವ ಕಣ್ಣುಗಳು ಬೇಕು. ‘ಬೀದಿಪಾಲಾದರು’, ‘ಜಗಳ ಬೀದಿಗೆ ಬಂತು’ ಎಂಬ ಮಾತುಗಳು ಹುಟ್ಟಿದ್ದು ಅದಕ್ಕೇ. ಕಾಡಿನ ನಡುವೆ ಬೀದಿ ಇರಲಾರದು. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಸೊಗಸಾದ ಪದವಿತ್ತು. ಇಂದು ಬಟ್ಟೆ ಎಂದರೆ ಉಡುವುದು ಮಾತ್ರ, ಹಾಗಾಗಿ ಅದನ್ನು ಮತ್ತೆ ಎಳೆದು ತರುವುದು ಕಷ್ಟ.

‘ಡಾಂಬರು’ ಪದವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಮ್ ರೂಪಿಸಿದ ರಸ್ತೆಗಳಲ್ಲಿ ಡಾಂಬರು ಇರಲೇ ಇಲ್ಲ. ಭಾರ ಹೊರುವುದು ಕೆಳಗಿನ ಮಣ್ಣೇ, ಅದನ್ನು ಒಣಗಿದಂತೆ ಇಟ್ಟರೆ ಸಾಕು ಎಂಬುದು ಅವನ ವಾದ. ಅದಕ್ಕಾಗಿ ದೊಡ್ಡ ಬುನಾದಿ ಕಲ್ಲುಗಳನ್ನು ಬಿಟ್ಟು, ಸುತ್ತಿಗೆಯಿಂದ ಒಡೆದ ಮೂಲೆಯುಳ್ಳ ಜಲ್ಲಿಯನ್ನಷ್ಟೇ ಹರಡಿಸಿದ. ಗಾಡಿಗಳು ಉರುಳಿದಂತೆ ಆ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡವು, ಸವೆದ ಪುಡಿ ಸಂದುಗಳನ್ನು ತುಂಬಿತು. ಮುಂದೆ ವೇಗದ ಮೋಟಾರು ಗಾಡಿಗಳ ರಬ್ಬರ್ ಟಯರುಗಳು ಅದೇ ಪುಡಿಯನ್ನು ಎಬ್ಬಿಸಿ ಹಾರಿಸತೊಡಗಿದಾಗ ಅಂಟು ಬೇಕಾಯಿತು. ಮೊದಲು ಬಂದದ್ದು ಕಲ್ಲಿದ್ದಲಿನಿಂದ ತೆಗೆದ ಡಾಂಬರು. ಇಂದು ಹಾಕುವುದು ಕಚ್ಚಾತೈಲದಿಂದ ಉಳಿಯುವ ಬಿಟುಮೆನ್. ಆಡುಮಾತಿನಲ್ಲಿ ಎರಡನ್ನೂ ಡಾಂಬರು ಎಂದರೆ ತೊಂದರೆಯಿಲ್ಲ, ಚರಿತ್ರೆಯ ಬರಹದಲ್ಲಿ ಬೇರೆ ಮಾಡಲೇಬೇಕು.

ಈಗ ನಿಮ್ಮ ನೆರವು ಬೇಕಾದ ಪದ. ನೀರು ನಿಲ್ಲದಂತೆ ರಸ್ತೆಯ ನಡುವನ್ನು ತುಸು ಎತ್ತರಿಸಿ ಎರಡೂ ಅಂಚಿಗೆ ಇಳಿಸುತ್ತಾರಲ್ಲ, ರೋಮನ್ನರೂ ಮಾಡುತ್ತಿದ್ದದ್ದು, ಅದಕ್ಕೆ ಏನೆನ್ನುತ್ತೀರಿ? ಎಂಜಿನಿಯರುಗಳು ‘ಕ್ಯಾಂಬರ್’ ಎಂದೇ ಬಿಡುತ್ತಾರೆ. ಗಾರೆ ಕೆಲಸದವರು ತಾರಸಿಗೆ ನೀರು ಹರಿಯಲು ಕೊಡುವ ಇಳಿಜಾರನ್ನು ‘ವಾಟ’ ಎನ್ನುತ್ತಾರೆ. ಆದರೆ ಅದು ಸಾಮಾನ್ಯವಾಗಿ ಒಂದೇ ಕಡೆಗೆ. ‘ಇಬ್ಬದಿ ವಾಟ’ ಎಂದರೆ ಓದುಗರಿಗೆ ತಿಳಿದೀತೇ? ರಸ್ತೆ ಕೆಲಸ ಮಾಡುವವರ ಬಾಯಲ್ಲಿ ಬೇರೆ ಪದ ಕೇಳಿದ್ದರೆ ದಯವಿಟ್ಟು ತಿಳಿಸಿ.